ಪಡಸಾಲೆಯ ಅಳತೆ

ಮನೆ ಕಟ್ಟಿಸಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಕಟ್ಟಿ ಮುಗಿಸಲು ಅವನಿಗೆ ಮನಸ್ಸೇ ಬರುವುದಿಲ್ಲ. ಸಂಖ ಊರಿನ ಅಂಚಿನ ನನ್ನ ಮನೆಗೆ ಮೊದಲು ಮೆಟ್ಟಿಲು, ಆಮೇಲೆ ಮೆಟ್ಟಿಲಿಗೆ ನೆರಳು, ಕೊನೆಗೆ ಆ ನೆರಳಲ್ಲಿ ಕೂರಲೆಂದು ಪಡಸಾಲೆ ಬಂತು. ಕಿರಾಣಿ ಅಂಗಡಿ ಮುಚ್ಚಿ ಬಂದು, ಅಲ್ಲಿ ಕುಳಿತು ಊರಿಗೆ ಬುದ್ಧಿ ಹೇಳಬೇಕೆಂಬುದು ನನ್ನ ಆಸೆ. ಊರು ಬರಲಿಲ್ಲ. ಪಕ್ಕದ ಹೊಲದಲ್ಲಿ ಕೋಳಿ ಶೆಡ್ ಇಟ್ಟಿದ್ದ ದಸ್ತಗೀರ, ಅವನ ಹೆಂಡತಿ ಹಸೀನಾ ದಿನಾ ಸಂಜೆ ಬರುತ್ತಿದ್ದರು. ಶೆಡ್ಡು ನನ್ನ ಮನೆಗಿಂತ ಹಳೆಯದು. ಮೊಟ್ಟೆ ತಿನ್ನದ ನಮಗೆ ಅದರಿಂದ ಸಿಕ್ಕಿದ್ದೆಂದರೆ ಕರಿಬೇವಿನ ಗಿಡಕ್ಕೆ ಗೊಬ್ಬರ ಮತ್ತು ನನ್ನ ಹೆಂಡತಿ ಮಹಾದೇವಿಗೆ ಒಬ್ಬ ಗೆಳತಿ. ಅವರಿಬ್ಬರೂ ಶೇಂಗಾ ಒಡೆಯುತ್ತ ಗಂಡಂದಿರ ದಡ್ಡತನ ಎಣಿಸುವಾಗ ನಾವಿಬ್ಬರೂ ಕಿವುಡರಾಗುತ್ತಿದ್ದೆವು. ವಾಸನೆ ಇರಲಿಲ್ಲವೇ ಎಂದರೆ, ಇತ್ತು. ಬೀಗರು ಬಂದ ದಿನ ಎರಡು ಊದಿನಕಡ್ಡಿ ಹೆಚ್ಚಿಗೆ ಹಚ್ಚುತ್ತಿದ್ದೆವು.

ಆಮೇಲೆ ಹಿಂದಿನ ಪ್ಲಾಟುಗಳಲ್ಲಿ ಹೊಸ ಮನೆಗಳೆದ್ದವು. ಅವರ ಊಟದ ತಾಟಿನಲ್ಲಿ ನೊಣ, ಮಲಗಿದ ಕೂಸಿನ ಮುಖದ ಮೇಲೆ ನೊಣ. ಅವರ ಸಂಕಟವೂ ಸುಳ್ಳಲ್ಲ. ಶೆಡ್ಡಿನ ಪರವಾನಗಿ ಮುಂದುವರಿಸಬಾರದೆಂದು ತಕರಾರು ಕೊಟ್ಟರು. ನನ್ನ ಸಹಿಯನ್ನೂ ಕೇಳಿದರು. ಎದೆಯುಬ್ಬಿಸಿ ಆಗದು ಎಂದೆ. ಉಬ್ಬಿದ ಎದೆಯನ್ನು ಯಾರೂ ಅಳೆಯಲಿಲ್ಲ. ಕಚೇರಿಯಿಂದ ಟೇಪು ಹಿಡಿದು ಬಂದ ಸಾಹೇಬರು ಅಳೆದದ್ದು ಶೆಡ್ಡಿಗೂ ಮನೆಗಳಿಗೂ ನಡುವಿನ ಅಂತರವನ್ನು. ತಕರಾರು ಮಾಡಿದವರ ಮನೆಗಳೆಲ್ಲ ಶೆಡ್ಡಿನಿಂದ ನಿಯಮ ಹೇಳುವ ದೂರದಾಚೆಗೇ ಇದ್ದವು. ನನ್ನ ಗೋಡೆಯೂ ಹೇಗೋ ಪಾರಾಯಿತು. ಪಡಸಾಲೆ ಮಾತ್ರ ಆ ದೂರದೊಳಗೇ ಇತ್ತು.

"ಸಾಹೇಬ್ರ, ಇದು ಮನಿ ಅಲ್ರಿ. ಬರೇ ಕುಂದ್ರೂ ಜಾಗಾ," ಎಂದೆ.

"ಸ್ಲ್ಯಾಬ್ ಐತಿ, ಕಂಬ ಅದಾವು. ಮನಿ ಅನ್ನಲಾರ್ದ ಏನನ್ಲಿರಿ?"

"ನಾಳೇನ ಕೆಡವತೇನ್ರಿ!"

ಇವತ್ತಿನ ಅಳತೆಯೇ ಅಳತೆ ಎಂದು ಅವರು ಬರೆದುಕೊಂಡರು. ದಸ್ತಗೀರ ನನ್ನ ತೋಳು ಹಿಡಿದ. ಪಡಸಾಲೆ ಕಟ್ಟುವಾಗ ಆ ಸ್ಲ್ಯಾಬಿಗೆ ದಿನಾ ಕೊಡದಿಂದ ನೀರು ಹೊಡೆದವನು ಅವನೇ. "ಬ್ಯಾಡ್ರಿ ಅಣ್ಣಾರ, ಚಲೋ ಪಡಸಾಲಿ. ಇರ್ಲಿ," ಎಂದ.

ಪರವಾನಗಿ ಸಿಗಲಿಲ್ಲ. ಗಂಡ ಹೆಂಡತಿ ತಿಕೋಂಡಿಯಲ್ಲಿ ಹಸೀನಾಳ ತವರಿನವರ ಹೊಲಕ್ಕೆ ಹೋದರು. ಹೊರಟಾಗ ಮಹಾದೇವಿ ಅವಳ ಕೈಗೆ ಶೇಂಗಾ ಚಟ್ನಿಯ ಡಬ್ಬಿ ಇಟ್ಟಳು. ಮರುದಿನ ಹಿಂದಿನ ಮನೆಯವರು ಪೇಢೆ ತಂದು, "ನಿಮ್ಮಿಂದ ಭಾಳ ಉಪಕಾರ ಆತ್ರಿ ಸಾವಕಾರ್ರ," ಎಂದರು. ನಾನು ಪೇಢೆ ತಿಂದೆ. ಮಹಾದೇವಿ ಅಂದಿನಿಂದ ಶೇಂಗಾ ಒಡೆಯುವುದು ಅಡುಗೆಮನೆಯಲ್ಲೇ. ಪಡಸಾಲೆಗೆ ಕರೆದರೆ, "ಒಬ್ಬಾಕಿನ ಅಲ್ಲಿ ಕುಂತು ಏನ್ ಮಾಡ್ಲಿರಿ?" ಎನ್ನುತ್ತಾಳೆ. ನಾನೂ ಅಲ್ಲೇ ಇರುತ್ತೇನೆಂಬುದು ಅವಳ ಲೆಕ್ಕಕ್ಕೆ ಬಂದಂತಿಲ್ಲ.

ಮಳೆಗಾಲ ಕಳೆದ ಮೇಲೆ ಇಬ್ಬರೂ ಮೋಟಾರ್ ಸೈಕಲ್ ಮೇಲೆ ತಿಕೋಂಡಿಗೆ ಹೋದೆವು. "ಬರ್ರಿ ಅಕ್ಕಾರ," ಎಂದು ಹಸೀನಾ ಓಡಿ ಬಂದು ಮಹಾದೇವಿಯನ್ನು ತಬ್ಬಿಕೊಂಡಳು. ದಸ್ತಗೀರ ಹೊಸ ಶೆಡ್ಡಿನ ಮುಂದೆ ಕೂರಲು ಹೊರಸು ಹಾಕಿದ. ಅಷ್ಟರಲ್ಲಿ ಗಾಳಿ ತಿರುಗಿತು. ನನಗೆ ಗೊತ್ತಾಗುವ ಮೊದಲೇ ನನ್ನ ಕೈ ಹೆಗಲ ಟವೆಲನ್ನು ಮೂಗಿಗೆ ಒತ್ತಿತ್ತು. ದಸ್ತಗೀರ ನೋಡಿದ. ತಟ್ಟನೆ ಇಳಿಸಿದೆ, ಆದರೆ ಅವನು ನೋಡಿಯಾಗಿತ್ತು.

"ಈ ಕಡಿ ಬರ್ರಿ ಅಣ್ಣಾರ, ಇಲ್ಲಿ ಗಾಳಿ ಚಲೋ ಐತಿ," ಎಂದು ಹೊರಸನ್ನು ಶೆಡ್ಡಿನಿಂದ ದೂರಕ್ಕೆ ಎಳೆದ. ಮತ್ತಷ್ಟು ಎಳೆದ. ಸಾಕು ಎನ್ನಬೇಕಿತ್ತು. ನಾನು ಅವನ ಹಿಂದೆಯೇ ನಡೆದು, ಅವನು ನಿಲ್ಲಿಸಿದಲ್ಲಿ ಆರಾಮಾಗಿ ಕೂತೆ.