ನಂದಕ್ಕನ ಬಲಗಿವಿ

ಬೆಲ್ಲದ ಬಾಗೇವಾಡಿಯ ಆಶಾ ಕಾರ್ಯಕರ್ತೆ ನಂದಕ್ಕನ ಬಲಗಿವಿ ಆ ದಿನ ಬೆಳಿಗ್ಗೆ ಏಳೂವರೆಗೆ ಮುಚ್ಚಿಹೋಯಿತು. ಕಾರಣ ಒಂದು ಹೇರ್‌ಪಿನ್ನು. ತುರಿಸಿತೆಂದು ಒಳಗೆ ಹಾಕಿ ಎರಡು ಸುತ್ತು ತಿರುಗಿಸಿದ್ದೇ ತಡ, ಯಾರೋ ಕಿವಿಗೆ ಹಿಟ್ಟು ಮೆತ್ತಿದ ಹಾಗಾಯಿತು.

ಬೇರೆಯವರಿಗಾಗಿದ್ದರೆ ಬಿಡಿ. ಹದಿನೈದು ದಿನದಿಂದ ಮನೆಮನೆ ತಿರುಗಿ, "ಕಿವ್ಯಾಗ ಕಡ್ಡಿ ಹಾಕಬ್ಯಾಡ್ರಿ, ಪಿನ್ ಹಾಕಬ್ಯಾಡ್ರಿ" ಎಂದು ಹಿರಿಯರನ್ನೂ ಬಿಡದೆ ಗದರಿಸಿದವಳು ಈ ನಂದಕ್ಕ. ನಾಳೆ ಸಾಲೆಯಲ್ಲಿ ಕಿವಿ ಆರೈಕೆಯ ಬಗ್ಗೆ ಭಾಷಣವೂ ಅವಳದೇ. ಸುದ್ದಿ ಹೊರಬಿದ್ದರೆ ಹನ್ನೆರಡು ವರ್ಷ ಗಳಿಸಿದ ಮರ್ಯಾದೆ ಒಂದೇ ದಿನಕ್ಕೆ ಮಣ್ಣುಪಾಲು. ಹುಕ್ಕೇರಿಯ ದವಾಖಾನೆಯಲ್ಲಿ ಎಲ್ಲರೂ ಗುರುತಿನವರು. ಹಾಗಾಗಿ ಗುಟ್ಟಾಗಿ ಗೋಕಾಕಕ್ಕೆ ಹೋಗಿ ಗುಗ್ಗೆ ತೆಗೆಸಿಕೊಂಡು ಬರುವುದೆಂದು ಹೊರಟಳು.

ಬಸ್ ನಿಲ್ದಾಣದಲ್ಲೇ ಪಕ್ಕದ ಮನೆಯ ಪಾರವ್ವ ಸಿಕ್ಕಳು. ಪಾರವ್ವನ ಕಣ್ಣು ತಪ್ಪಿಸಿ ಬೆಕ್ಕು ಕೂಡ ಓಣಿ ದಾಟಿದ್ದಿಲ್ಲ.

"ನಂದಕ್ಕಾ, ಮುಂಜಾನೆದ್ದು ಎಲ್ಲಿಗೆ ಹೊಂಟೀರಿ?"

"ಗೋಕಾಕಕ್ಕ. ಕರದಂಟು ತರಾಕ."

"ಯಾಕ್ರಿ? ಮನಿಗೆ ಯಾರರ ಬರಾವ್ರದಾರೇನ?" ಪಾರವ್ವನ ಕಣ್ಣು ಅರಳಿತು. "ಸಪ್ನಾನ್ನ ನೋಡಾಕ?"

ಸಪ್ನಾ ನಂದಕ್ಕನ ಮಗಳು, ಡಿಗ್ರಿ ಕೊನೆಯ ವರ್ಷದವಳು. ಬಸ್ಸು ಬಂದು ನಿಂತಿತ್ತು. ಪಾರವ್ವ ಬಿಟ್ಟರೆ ಸಾಕೆಂದು ನಂದಕ್ಕ "ಹೂಂ" ಎಂದು ಹತ್ತಿಬಿಟ್ಟಳು.

ಘಟಪ್ರಭಾ ಮುಟ್ಟುವಷ್ಟರಲ್ಲಿ ಗಂಡ ಶಿವಪುತ್ರನ ಫೋನು ಬಂತು. ಎಡಗಿವಿಗೆ ಹಿಡಿದಳು.

"ಅಲ್ಲ, ಕನ್ಯಾ ನೋಡಾಕ ಬರ್ತಾರಂತ ಊರಿಗೆಲ್ಲಾ ಗೊತ್ತೈತಿ, ನನಗ ಗೊತ್ತಿಲ್ಲಲ್ಲ! ಪಾರವ್ವ ನಮ್ಮ ಅಂಗಳಾ ಸಾರಿಸಾಕತ್ತಾಳ. ಓಣ್ಯಾನ ಹೆಂಗಸ್ರು ಸಿರಾಕ್ಕ ರವಾ ಹುರಿಯಾಕತ್ತಾರ!"

"ಬಂದು ಹೇಳ್ತೇನಿ," ಎಂದು ನಂದಕ್ಕ ಫೋನಿಟ್ಟಳು. ಈಗ ಕಿವಿಯ ಜೊತೆ ಎದೆಯೂ ಭಾರವಾಗಿತ್ತು.

ಗೋಕಾಕದ ಕಿವಿ ಡಾಕ್ಟರರ ಬಾಗಿಲಲ್ಲಿ, ಎರಡೂ ಕಿವಿ ಮುಚ್ಚುವಂತೆ ರುಮಾಲು ಸುತ್ತಿಕೊಂಡು ಕೂತಿದ್ದವನು ಅವಳದೇ ಓಣಿಯ ದುಂಡಪ್ಪ ಕಾಕಾ. ಹೋದ ವಾರವಷ್ಟೇ, ಇನ್ನು ಕಿವಿಗೆ ಕಡ್ಡಿ ಹಾಕುವುದಿಲ್ಲವೆಂದು ಅವಳ ಮುಂದೆ ಆಣೆ ಮಾಡಿದ್ದ.

"ಕಾಕಾ, ನೀವಿಲ್ಲಿ?"

"ಸುಮ್ನ ನೆಳ್ಳಿಗೆ ಕುಂತೇನವಾ. ನೀ?"

"ನಾಳಿನ ಕಾರ್ಯಕ್ರಮದ್ದು ಮಾತಾಡಾಕ."

ಆಮೇಲೆ ಇಬ್ಬರೂ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದಿದರು.

ಡಾಕ್ಟರರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. "ಗುಗ್ಗಿ ಹೊಲಸಲ್ಲರಿ, ಕಿವಿಗೆ ಕಾವಲ ಅದು. ತಾನ ಹೊರಗ ಬರತಿತ್ತು. ನೀವ ಪಿನ್ ಹಾಕಿ ಒಳಗ ಜಡದೀರಿ. ಐದ ದಿನ ಈ ಹನಿ ಬಿಡ್ರಿ, ಮೆತ್ತಗಾದ ಮ್ಯಾಲ ಬರ್ರಿ, ನಾನ ತೆಗಿತೇನಿ."

"ಇವತ್ತ ಆಗೂದಿಲ್ಲೇನ್ರಿ? ನಾಳೆ ನನ್ನ ಭಾಷಣ ಐತಿ."

"ಯಾವುದರ ಮ್ಯಾಲ?"

ನಂದಕ್ಕ ನೆಲ ನೋಡುತ್ತ ಹೇಳಿದಳು. ಡಾಕ್ಟರರು ಮನಸಾರೆ ನಕ್ಕು, ಆಮೇಲೆ ಮೆತ್ತಗೆ ಅಂದರು: "ಹಂಗಾದ್ರ ಇದನ್ನ ಹೇಳ್ರಿ. ನನಗ ಹಿಂಗಾತು, ನೀವ್ ಮಾಡಬ್ಯಾಡ್ರಿ ಅಂತ. ಮಂದಿ ಕೇಳ್ತಾರ."

ಆ ಮಾತಿಗೆ ನಂದಕ್ಕನ ಮನಸ್ಸು ಹಗುರಾಯಿತು. ಮುಚ್ಚಿಟ್ಟು ಸಾಕಾಗಿತ್ತು. ಮರ್ಯಾದೆ ಹೋದರೆ ಹೋಗಲಿ, ನಾಳೆಯವರೆಗೆ ಯಾಕೆ, ಇವತ್ತೇ ಹೇಳಿಬಿಡುವುದು ಎಂದು ನಿರ್ಧರಿಸಿ ಬಸ್ಸು ಹತ್ತಿದಳು. ದುಂಡಪ್ಪ ಕಾಕಾನೂ ಅದೇ ಬಸ್ಸಿಗೆ ಬಂದು ಹಿಂದಿನ ಸೀಟಿನಲ್ಲಿ ಕೂತ.

ಮನೆಯ ಮುಂದೆ ಅರ್ಧ ಓಣಿ ನೆರೆದಿತ್ತು. ನಂದಕ್ಕ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿಯೇ ಹೇಳಿದಳು: "ಯಾರೂ ಬರೂದಿಲ್ಲ. ನಾ ಸುಳ್ಳು ಹೇಳಿದ್ದೆ. ಕಿವ್ಯಾಗ ಪಿನ್ ಹಾಕ್ಕೊಂಡು ದವಾಖಾನಿಗೆ ಹೋಗಿದ್ದೆ. ತಪ್ಪಾತು." ಹನಿಯ ಬಾಟಲಿಯನ್ನೂ ಎತ್ತಿ ತೋರಿಸಿದಳು.

ಪಾರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಂದಕ್ಕ ಕಿವ್ಯಾಗ ಪಿನ್ ಹಾಕ್ಕೋತಾಳಂತ! ಇದನ್ನ ಯಾರ ನಂಬ್ತಾರವಾ? ಮಾತುಕತಿ ಗಟ್ಟಿ ಆಗೂತನಾ ಮುಚ್ಚಿಡಾಕತ್ತಾಳ!"

"ಖರೇನ ಹೇಳಾಕತ್ತೇನಿ! ಕಾಕಾ, ನೀವ ಹೇಳ್ರಿ. ನನ್ನ ಅಲ್ಲಿ ನೋಡೀರಿಲ್ಲ?"

ಎಲ್ಲರ ಕಣ್ಣೂ ದುಂಡಪ್ಪನ ಮೇಲೆ ಬಿತ್ತು. ಅವನು ರುಮಾಲನ್ನು ಇನ್ನಷ್ಟು ಕೆಳಗೆಳೆದುಕೊಂಡ.

"ನೋಡೇನಿ. ಆ ಹಾದ್ಯಾಗ ಹೊಂಟಿದ್ದೆ. ಡಾಕ್ಟರ್ ಕೂಡ ಬಾಗಲಾ ಹಾಕ್ಕೊಂಡು ಭಾಳ ಹೊತ್ತು ಮಾತಾಡಿದ್ಲು. ಅವರಂತೂ ಭಾಳ ಖುಷೀಲೆ ನಗತಿದ್ರು."

"ಅಯ್ಯ ನಮ್ಮವ್ವ!" ಪಾರವ್ವ ಚೀರಿದಳು. "ವರಾ ಡಾಕ್ಟರ್ ಮಗಾ!"

ಸಿರಾ ಹಂಚುವುದು ಶುರುವಾಯಿತು. ಶಿವಪುತ್ರ ಹೆಂಡತಿಯನ್ನು ಮದುವೆಯಾದಾಗಿನಿಂದ ನೋಡದಷ್ಟು ಅಭಿಮಾನದಿಂದ ನೋಡಿದ. ನಂದಕ್ಕ ಕಟ್ಟೆಯ ಮೇಲೆ ಕುಸಿದು ಕೂತಳು. ಅಷ್ಟರಲ್ಲಿ ಸಪ್ನಾ ನಾಚುತ್ತ ಬಂದು ಅವಳ ಎಡಗಿವಿಯಲ್ಲಿ ಪಿಸುಗುಟ್ಟಿದಳು:

"ಅವ್ವಾ, ಹುಡುಗಾ ನೋಡಾಕ ಹೆಂಗದಾನ?"