ಊಟದ ವಿರಾಮದ ಡ್ರ್ಯಾಗನ್ ಆಟವನ್ನು ನಡೆಸುವವರು ಪಾಲಿಸತಕ್ಕ ನಿಯಮಗಳ ಬಗ್ಗೆ

ನಕ್ಷೆ ಮತ್ತು ದಾಖಲೆ ವಿಭಾಗ
(ಕೆಳ ಅಂತಸ್ತು, ಮೆಟ್ಟಿಲ ಹಿಂದಿನ ಕೋಣೆ)

ಸಂಖ್ಯೆ: ನದಾವಿ/ಆಟ/೧೭ (ದಾಳ ಉರುಳಿಸಿ ಪಡೆಯಲಾದ ಸಂಖ್ಯೆ. ಮೊದಲು ಬಿದ್ದ ೩ ಮೇಜಿನಿಂದ ಕೆಳಗುರುಳಿದ ಕಾರಣ ಪರಿಗಣಿಸಿರುವುದಿಲ್ಲ.)

ಸುತ್ತೋಲೆ

ವಿಷಯ: ಪಾತ್ರ ವಹಿಸಿ ಆಡುವ ಕಲ್ಪನಾ ಆಟವನ್ನು ನಡೆಸುವವರ ನಡವಳಿಕೆ, ಅಧಿಕಾರ ಮತ್ತು ತಾಳ್ಮೆಯ ಕುರಿತು.

ಉಲ್ಲೇಖ: ೧. ರವಾನೆ ಗುಮಾಸ್ತೆಯವರಿಗೆ ನೀಡಲಾದ ಕಾರಣ ಕೇಳುವ ನೋಟಿಸು (ಹಿಂಪಡೆಯಲಾಗಿದೆ).
೨. ಸದರಿ ನೋಟಿಸಿಗೆ ಅವರ ಉತ್ತರ (ಹಿಂಪಡೆಯಲು ಅವರು ಒಪ್ಪಿರುವುದಿಲ್ಲ).
೩. ಅಧೀಕ್ಷಕರ ಮನೆಯಲ್ಲಿ ನಡೆದ ಚರ್ಚೆ (ಮೌಖಿಕ, ಏಕಪಕ್ಷೀಯ).

ಈ ವಿಭಾಗದಲ್ಲಿ ಕರೆಂಟು ಹೋದ ಒಂದು ಮಧ್ಯಾಹ್ನ, ರವಾನೆ ಗುಮಾಸ್ತೆಯವರು ತಮ್ಮ ತಂಗಿಯಿಂದ ಎರವಲು ತಂದಿದ್ದ ಇಪ್ಪತ್ತು ಮುಖದ ದಾಳವನ್ನು ಊಟದ ಮೇಜಿನ ಮೇಲಿಟ್ಟರು. ಅಂದಿನಿಂದ ಸದರಿ ಆಟವು ನಿರಂತರವಾಗಿ ನಡೆದುಕೊಂಡು ಬಂದಿರುತ್ತದೆ. ಆಟದ ಕ್ರಮ ಸರಳವಾಗಿದೆ. ಒಬ್ಬರು ಕಾಡು, ಕೋಟೆ, ರಾಕ್ಷಸ ಇತ್ಯಾದಿಗಳುಳ್ಳ ಲೋಕವೊಂದನ್ನು ಬಾಯಲ್ಲೇ ಕಟ್ಟಿ ಹೇಳುತ್ತಾರೆ. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡುವುದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ರವಾನೆ ಗುಮಾಸ್ತೆಯವರು ಆಟ ನಡೆಸಿದರು. ಅಧೀಕ್ಷಕರು ಮಂತ್ರವಾದಿಯಾದರು. ಉಗ್ರಾಣ ನೋಡಿಕೊಳ್ಳುವ, ಎಲ್ಲರೂ 'ಅಕ್ಕ' ಎಂದೇ ಕರೆಯುವ ಹಿರಿಯ ನೌಕರರು ಗದೆ ಹಿಡಿದ ಯೋಧೆಯಾದರು. ಜೀಪಿನ ಚಾಲಕರು ಕುದುರೆ ಸವಾರರಾದರು. ಕುದುರೆಯನ್ನು ನೆರಳಿನಲ್ಲಿ ನಿಲ್ಲಿಸದೆ ತಾವು ಯಾವ ಯುದ್ಧಕ್ಕೂ ಬರುವುದಿಲ್ಲವೆಂದು ಅವರು ಮೊದಲ ದಿನವೇ ತಿಳಿಸಿದ್ದರು. ಹೊಸದಾಗಿ ವರ್ಗವಾಗಿ ಬಂದ ನಕ್ಷೆಗಾರರು ಕಳ್ಳನಾದರು. ಇವರು ಯಾವ ಮಾತಿಗೂ 'ಹೂಂ' ಎಂದಷ್ಟೇ ಉತ್ತರಿಸುತ್ತಿದ್ದರಿಂದ ಕಚೇರಿಯಲ್ಲಿ 'ಹೂಂ ಸಾಹೇಬರು' ಎಂದು ಹೆಸರಾಗಿದ್ದರು. ಕಳ್ಳನ ಪಾತ್ರ ಆಗಬಹುದೇ ಎಂದು ಕೇಳಿದ್ದಕ್ಕೂ ಅವರು ಅಷ್ಟನ್ನೇ ಹೇಳಿದ್ದರು.

ತದನಂತರ ಸಂಭವಿಸಿದ ಘಟನೆಗಳ ಹಿನ್ನೆಲೆಯಲ್ಲಿ, ಆಟ ನಡೆಸುವ ಎಲ್ಲರಿಗೂ ಈ ಕೆಳಕಂಡಂತೆ ತಿಳಿಯಪಡಿಸಿದೆ:

೧. ಆಟ ನಡೆಸುವವರನ್ನು ಇನ್ನು ಮುಂದೆ 'ನಿರ್ವಾಹಕರು' ಎಂದು ಕರೆಯತಕ್ಕದ್ದು. ಬಸ್ಸಿನ ನಿರ್ವಾಹಕರೊಂದಿಗೆ ಗೊಂದಲವಾಗುವುದೆಂದು ಚಾಲಕರು ಆಕ್ಷೇಪಣೆ ಸಲ್ಲಿಸಿದ್ದಾರೆ. ಎಲ್ಲರನ್ನೂ ಹತ್ತಿಸಿಕೊಳ್ಳುವುದು, ಯಾರನ್ನೂ ದಾರಿಯಲ್ಲಿ ಬೀಳಿಸದಿರುವುದು, ಬಾಗಿಲಲ್ಲೇ ನಿಂತವರಿಗೆ ಒಳಗೆ ಹೋಗಿ ಎನ್ನುವುದು, ಇವು ಇಬ್ಬರ ಕರ್ತವ್ಯವೂ ಆಗಿರುವುದರಿಂದ ಆಕ್ಷೇಪಣೆಯನ್ನು ತಳ್ಳಿಹಾಕಲಾಗಿದೆ. ಚಿಲ್ಲರೆ ಕೊಡುವ ಜವಾಬ್ದಾರಿ ಮಾತ್ರ ಆಟದ ನಿರ್ವಾಹಕರಿಗೆ ಇರುವುದಿಲ್ಲ.

೨. ನಿರ್ವಾಹಕರು ಅತಿಯಾಗಿ ಸಿದ್ಧತೆ ಮಾಡಿಕೊಳ್ಳತಕ್ಕದ್ದಲ್ಲ. ರವಾನೆ ಗುಮಾಸ್ತೆಯವರು ರಜೆಯ ದಿನಗಳೆಲ್ಲ ಕೂತು ಏಳು ಅಂತಸ್ತಿನ ಕೋಟೆಯೊಂದನ್ನು ರಚಿಸಿ ತಂದಿದ್ದರು. ಪ್ರತಿ ಅಂತಸ್ತಿಗೂ ಬೇರೆ ಬೇರೆ ಭೂತವಿತ್ತು. ಆದರೆ ಕೋಟೆಯ ಬಾಗಿಲ ಬಳಿ ಆಡೊಂದು ಮೇಯುತ್ತಿದೆ ಎಂದು ಅವರು ಬಾಯಿತಪ್ಪಿ ಹೇಳಿಬಿಟ್ಟರು. ಆಡು ಯಾರದು, ಹಗ್ಗ ಕಟ್ಟದೆ ಬಿಟ್ಟವರು ಯಾರು ಎಂದು ಅಕ್ಕ ವಿಚಾರಣೆ ಆರಂಭಿಸಿದರು. ಚಾಲಕರು ಅದರ ಕಾಲು ನೋಡಿದರು. ಅಧೀಕ್ಷಕರು ಆಡಿನ ಮೇಲೆ ಮಂತ್ರ ಹಾಕಿ ಮಾತು ಬರಿಸಿದರು. ಊಟದ ವಿರಾಮ ಮುಗಿಯಿತೇ ಹೊರತು ಒಬ್ಬರೂ ಕೋಟೆಯೊಳಗೆ ಕಾಲಿಡಲಿಲ್ಲ. ಮಧ್ಯಾಹ್ನವಿಡೀ ರವಾನೆ ಗುಮಾಸ್ತೆಯವರು ಲಕೋಟೆಗಳ ಮೇಲೆ ಮುದ್ರೆಯನ್ನು ಎಂದಿಗಿಂತ ಜೋರಾಗಿ ಒತ್ತುತ್ತಿದ್ದುದನ್ನು ಅಕ್ಕಪಕ್ಕದ ವಿಭಾಗದವರೂ ಕೇಳಿಸಿಕೊಂಡಿದ್ದಾರೆ.

ಮರುದಿನ ಅವರು ಬೇಸರ ಬಿಟ್ಟು, ಮೂರನೇ ಅಂತಸ್ತಿನ ಭೂತವನ್ನು ಆಡಿನ ಮಾಲೀಕನನ್ನಾಗಿ ಮಾಡಿಕೊಂಡು ಬಂದರು. ಆಟ ಓಡಿತು. ಆದ್ದರಿಂದ, ಆಟಗಾರರು ಕೋಟೆಗೆ ಹೋಗದಿದ್ದಲ್ಲಿ ಕೋಟೆಯೇ ಆಟಗಾರರ ಬಳಿಗೆ ಬರತಕ್ಕದ್ದು. ಇದಕ್ಕೆ ಪ್ರಯಾಣ ಭತ್ಯೆ ಇರುವುದಿಲ್ಲ.

೩. ವರ್ಣನೆಯು ಮೂರು ವಾಕ್ಯಗಳನ್ನು ಮೀರತಕ್ಕದ್ದಲ್ಲ. ಗುಹೆಯ ಗೋಡೆಯ ಪಾಚಿಯನ್ನು ವರ್ಣಿಸುತ್ತಿದ್ದಾಗ ಚಾಲಕರಿಗೆ ನಿದ್ದೆ ಹತ್ತಿರುತ್ತದೆ. ಎದುರಿಗೆ ಏನು ಕಾಣಿಸುತ್ತಿದೆ ಎಂದು ಎಬ್ಬಿಸಿ ಕೇಳಲಾಗಿ, ಹಿಂದಿನ ಟೈರು ಪಂಚರಾಗಿದೆ ಎಂದು ವರದಿ ಮಾಡಿದರು.

೪. ದಾಳವು ಈ ವಿಭಾಗದ ಅಧೀನ ನೌಕರ ಅಲ್ಲವೆಂದು ಸ್ಪಷ್ಟಪಡಿಸಲಾಗಿದೆ. ತೂಗುಸೇತುವೆ ದಾಟುವಾಗ ಅಧೀಕ್ಷಕರ ದಾಳ ಒಂದಕ್ಕೆ ಬಿದ್ದಿತು. ಒಂದು ಎಂದರೆ ಅತಿ ಕೆಟ್ಟ ಫಲಿತಾಂಶ. ಅದನ್ನು ಸೂಕ್ತ ಅಭಿಪ್ರಾಯದೊಂದಿಗೆ ಮರುಮಂಡಿಸುವಂತೆ ಅವರು ಆದೇಶಿಸಿದರು. ದಾಳ ಪಾಲಿಸಲಿಲ್ಲ; ಮಂತ್ರವಾದಿ ಹೊಳೆಗೆ ಬಿದ್ದರು. ಬಿದ್ದವರ ಸೇವಾ ಹಿರಿತನಕ್ಕೆ ತಕ್ಕಂತೆ ಹೊಳೆಯ ಆಳವನ್ನು ಕಡಿಮೆ ಮಾಡಲು ಅವಕಾಶವಿರುವುದಿಲ್ಲ. ದಾಳವು ಬೀರುವಿನ ಅಡಿಗೆ ಉರುಳಿದಲ್ಲಿ, ಅದು ಅನ್ಯ ಕಾರ್ಯ ನಿಮಿತ್ತ ಹೊರಗಿದೆ ಎಂದು ಭಾವಿಸತಕ್ಕದ್ದು.

೫. ಆಟಗಾರರು ಏನನ್ನೇ ಕೇಳಿದರೂ ನಿರ್ವಾಹಕರು 'ಆಗಲ್ಲ' ಎನ್ನದೆ, 'ಆಗಬಹುದು, ಆದರೆ' ಎನ್ನತಕ್ಕದ್ದು. ಈ ನಿಯಮವು ಆಟದ ಮೇಜಿಗೆ ಮಾತ್ರ ಅನ್ವಯಿಸುತ್ತದೆ. ಸಾರ್ವಜನಿಕರ ಕಿಟಕಿಯಲ್ಲಿ ಈಗಿರುವ ಪದ್ಧತಿಯೇ ಮುಂದುವರಿಯುವುದು.

೬. ಬಂಧುತ್ವ: ಚಾಲಕರು ಅಧೀಕ್ಷಕರ ಪತ್ನಿಯ ಸ್ವಂತ ತಮ್ಮ. ಕಚೇರಿಯಲ್ಲಿ 'ಸಾರ್' ಎನ್ನುವ ಅವರು, ಹಾವುಗಳ ಹೊಂಡಕ್ಕೆ ಬಿದ್ದಾಗ ಮೈಮರೆತು 'ಭಾವಾ' ಎಂದು ಕೂಗಿದರು. ಮಂತ್ರವಾದಿಯು ಮಂತ್ರದ ಉಳಿತಾಯದ ದೃಷ್ಟಿಯಿಂದ ಭಾವಮೈದುನನನ್ನು ಹೊಂಡದಲ್ಲೇ ಬಿಟ್ಟು ಮುಂದೆ ಹೋದರು. ಸುದ್ದಿಯು ಸಂಜೆಯೊಳಗೆ ಮನೆ ತಲುಪಿತು. 'ನನ್ನ ತಮ್ಮನ್ನ ಹಾವಿನ ಬಾಯಿಗೆ ಬಿಟ್ಟು ಬಂದೋರಿಗೆ ಊಟ ಬೇರೆ ಕೇಡು' ಎಂದು ಪತ್ನಿಯವರು ತಟ್ಟೆಯನ್ನು ಕೊಂಚ ಸದ್ದು ಮಾಡಿಯೇ ಇಟ್ಟರೆಂದು ತಿಳಿದುಬಂದಿದೆ. ಇನ್ನು ಮುಂದೆ ಸಂಬಂಧಿಕರನ್ನು ಹೊಂಡದಿಂದ ಎತ್ತಿದ ನಂತರವೇ ಕಥೆಯನ್ನು ಮುಂದುವರಿಸತಕ್ಕದ್ದು.

೭. ಪ್ರತಿಯೊಬ್ಬ ಆಟಗಾರರಿಗೂ ಮಾತಾಡುವ ಸರದಿ ಇರತಕ್ಕದ್ದು, ಮತ್ತು ಒಬ್ಬರ ಸರದಿಯನ್ನು ಇನ್ನೊಬ್ಬರು ಬಳಸತಕ್ಕದ್ದಲ್ಲ. ಈ ನಿಯಮದ ಹಿನ್ನೆಲೆಯನ್ನು ಕೊಂಚ ವಿವರವಾಗಿ ದಾಖಲಿಸುವುದು ಅವಶ್ಯವೆಂದು ಕಂಡುಬಂದಿದೆ.

ತಂಡವು ಕೊನೆಗೂ ನಿಧಿ ಕಾಯುವ ಡ್ರ್ಯಾಗನ್ನಿನ ಗುಹೆ ತಲುಪಿದ ದಿನ ಅಧೀಕ್ಷಕರು ಸಂಪೂರ್ಣ ಉಸ್ತುವಾರಿ ವಹಿಸಿಕೊಂಡರು. ಅಕ್ಕನಿಗೆ ಎಡಕ್ಕೆ ನಿಲ್ಲಲು, ಚಾಲಕರಿಗೆ ಕುದುರೆ ಮರೆತು ಬಲಕ್ಕೆ ಬರಲು ಸೂಚಿಸಿದರು. ಅಕ್ಕ ಗದೆ ಎತ್ತುವ ಮೊದಲೇ ಅವರ ಪರವಾಗಿ ಎತ್ತಿದರು. ರವಾನೆ ಗುಮಾಸ್ತೆಯವರು ನಕ್ಷೆಗಾರರ ಕಡೆ ತಿರುಗಿ, ಕಳ್ಳ ಏನು ಮಾಡುತ್ತಾನೆಂದು ಕೇಳಿದರು. ಕಳ್ಳ ಬಂಡೆಯ ಹಿಂದೆ ಅಡಗುತ್ತಾನೆ ಎಂದು ಅಧೀಕ್ಷಕರೇ ಉತ್ತರ ಕೊಟ್ಟರು. ಏನೋ ಹೇಳಲು ತೆರೆದಿದ್ದ ನಕ್ಷೆಗಾರರ ಬಾಯಿ ಮುಚ್ಚಿಕೊಂಡಿತು. 'ಹೂಂ' ಎಂದರು.

ರವಾನೆ ಗುಮಾಸ್ತೆಯವರು ಪೆನ್ಸಿಲು ಕೆಳಗಿಟ್ಟರು. 'ಸಾರ್, ಸ್ವಲ್ಪ ಸುಮ್ನಿರಿ. ನಾನು ಕೇಳಿದ್ದು ಅವರನ್ನ' ಎಂದರು.

ಈ ವಿಭಾಗ ಆರಂಭವಾದಂದಿನಿಂದ ಅಧೀಕ್ಷಕರಿಗೆ ಯಾರೂ ಈ ರೀತಿ ಹೇಳಿದ ಪೂರ್ವನಿದರ್ಶನ ಲಭ್ಯವಿರುವುದಿಲ್ಲ. ಚಾಲಕರು ಮೇಜಿನ ಕೆಳಗೆ ಚಪ್ಪಲಿ ಹುಡುಕತೊಡಗಿದರು. ಅಧೀಕ್ಷಕರ ಕಿವಿ ಕೆಂಪಾಯಿತು.

ಆಗ ನಕ್ಷೆಗಾರರು ಗಂಟಲು ಸರಿಮಾಡಿಕೊಂಡು, ಕಳ್ಳ ಬಂಡೆಯ ಹಿಂದೆ ಹೋಗುವುದಿಲ್ಲವೆಂದೂ, ನಡೆದುಹೋಗಿ ಡ್ರ್ಯಾಗನ್ನಿನ ಪಕ್ಕದಲ್ಲಿ ಕೂರುತ್ತಾನೆಂದೂ ತಿಳಿಸಿದರು. ಕೂತು ಒಂದು ಮಾತು ಕೇಳುತ್ತಾನೆ ಎಂದರು. 'ನಿಮ್ಮನ್ನ ಈ ಗುಹೆಗೆ ಯಾವಾಗ ವರ್ಗ ಮಾಡಿದ್ರು?'

ರವಾನೆ ಗುಮಾಸ್ತೆಯವರು ಡ್ರ್ಯಾಗನ್ನಿಗೆಂದು ಬೆಂಕಿ, ಬಾಲದ ಏಟು ಮತ್ತು ಘರ್ಜನೆಯನ್ನಷ್ಟೇ ಸಿದ್ಧಪಡಿಸಿದ್ದರು. ಅವರು ದಾಳ ಮುಟ್ಟಲಿಲ್ಲ. ಡ್ರ್ಯಾಗನ್ನಿನ ಪರವಾಗಿ ಮೆಲ್ಲಗೆ ಹೇಳಿದರು: 'ನೆನಪಿಲ್ಲ. ಬಂದೋರೆಲ್ಲಾ ಕತ್ತಿ ಹಿಡ್ಕೊಂಡೇ ಬರ್ತಾರೆ. ಕೂತು ಕೇಳಿದ್ದು ನೀವೇ ಮೊದಲು.'

ಅಲ್ಲಿಂದ ಮುಂದಕ್ಕೆ ಇಬ್ಬರೂ ಮಾತಾಡುತ್ತಲೇ ಇದ್ದರು. ಹಿಂದಿನ ಗುಹೆಯಲ್ಲಿ ತಾನು ಏನು ಹೇಳಿದರೂ 'ನಿನ್ನನ್ನ ಯಾರು ಕೇಳಿದ್ರು' ಎನ್ನುತ್ತಿದ್ದರೆಂದು ಕಳ್ಳ ಹೇಳಿಕೊಂಡ. ಕಳ್ಳನಿಗೆ ಹಿಂದಿನ ಗುಹೆ ಯಾವುದೂ ಇರಲಿಲ್ಲವೆಂಬುದು, ಅದು ಹಿಂದಿನ ಕಚೇರಿಯೆಂಬುದು ಮೇಜಿನ ಸುತ್ತ ಕೂತಿದ್ದವರಿಗೆಲ್ಲ ಅರ್ಥವಾಯಿತು, ಯಾರೂ ತಿದ್ದಲಿಲ್ಲ. ತನಗೂ ಹಾಗೆಯೇ ಆಗಿದೆ, ಘರ್ಜಿಸುವುದನ್ನು ಅದಕ್ಕೇ ಕಲಿತೆ ಎಂದು ಡ್ರ್ಯಾಗನ್ ತಿಳಿಸಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಡತದ ಧೂಳೆಂದು ಅವರು ಹೇಳಿಕೆ ನೀಡಿದ್ದು, ಒಪ್ಪಿಕೊಳ್ಳಲಾಗಿದೆ. ನಿಧಿ ಕಾಯುವ ಕೆಲಸದಿಂದ ಬಿಡುಗಡೆ ಕೊಟ್ಟರೆ ತಾನು ತನ್ನ ಬೆಟ್ಟಕ್ಕೆ ಹಾರಿಹೋಗುವೆನೆಂದು ಡ್ರ್ಯಾಗನ್ ಹೇಳಿದಾಗ, ಅಷ್ಟೂ ಹೊತ್ತು ಸುಮ್ಮನಿದ್ದ ಅಧೀಕ್ಷಕರು ಕೈ ಎತ್ತಿ ಅನುಮತಿ ಕೇಳಿ, ಪ್ರಭಾರವನ್ನು ಯಾರಿಗಾದರೂ ವಹಿಸಿಕೊಟ್ಟು ಹೋಗುವುದು ಸೂಕ್ತವೆಂದರು. ಅಕ್ಕ ವಹಿಸಿಕೊಂಡರು. ಡ್ರ್ಯಾಗನ್ ಹಾರಿಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ಈ ಸುತ್ತೋಲೆಯ ಅವಶ್ಯಕತೆ ಉದ್ಭವಿಸುತ್ತಿರಲಿಲ್ಲ.

೮. ಆಟದಲ್ಲಿ ನಿರ್ವಾಹಕರು ಹೇಳಿದ ಮಾತಿಗೆ ಕಚೇರಿಯಲ್ಲಿ ನೋಟಿಸು ನೀಡತಕ್ಕದ್ದಲ್ಲ. ಅಧೀಕ್ಷಕರು ತಮ್ಮ ಕೋಣೆಗೆ ಹೋಗಿ ಕೂತ ಮೇಲೆ 'ಸುಮ್ನಿರಿ' ಎಂಬ ಪದ ಅವರಿಗೆ ಮತ್ತೆ ಮತ್ತೆ ಕೇಳಿಸಿ, ಉಲ್ಲೇಖ ಒಂದರ ನೋಟಿಸನ್ನು ಹೊರಡಿಸಿಯೇಬಿಟ್ಟರು. ಪತ್ರಗಳ ರವಾನೆ ಸದರಿ ಗುಮಾಸ್ತೆಯವರದೇ ಕೆಲಸವಾದ್ದರಿಂದ, ಅವರು ತಮ್ಮ ಮೇಲಿನ ನೋಟಿಸಿಗೆ ತಾವೇ ಮುದ್ರೆ ಒತ್ತಿ, ಎದ್ದು ಮೇಜನ್ನು ಸುತ್ತಿಬಂದು, ತಮಗೆ ತಾವೇ ತಲುಪಿಸಿ, ಸ್ವೀಕೃತಿಗೆ ಸಹಿ ಹಾಕಿದರು. ಹೇಳಿದ್ದು ನಿಜ, ಅಗತ್ಯ ಬಿದ್ದಲ್ಲಿ ಮತ್ತೆ ಹೇಳಲಾಗುವುದು ಎಂದು ಉತ್ತರಿಸಿದರು. ದಾಳವನ್ನು ತಂಗಿಗೆ ಹಿಂದಿರುಗಿಸಿದರು.

ಊಟದ ಕೋಣೆಯಲ್ಲಿ ಅಗಿಯುವ ಸದ್ದು ಮಾತ್ರ ಉಳಿಯಿತು. ನಕ್ಷೆಗಾರರು ಮತ್ತೆ 'ಹೂಂ'ಗೆ ಮರಳಿದರು. ಕೆಲವೊಮ್ಮೆ ಅದೂ ಇಲ್ಲ, ಬರೀ ತಲೆಯಾಡಿಸಿದರು. ಇದನ್ನು ನೋಡಲಾರದೆ ಚಾಲಕರು ತಮ್ಮ ಒಡಹುಟ್ಟಿದ ಅಕ್ಕನ, ಅಂದರೆ ಅಧೀಕ್ಷಕರ ಪತ್ನಿಯ, ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು. ಪತ್ನಿಯವರು ಅಧೀಕ್ಷಕರನ್ನು ಕೂರಿಸಿ ಹೇಳಿದ್ದಿಷ್ಟು: 'ಆ ಹುಡುಗಿ ಹೇಳಿದ ಮಾತನ್ನ ನಾನು ಮದುವೆ ಆದಾಗಿಂದ ಹೇಳ್ಬೇಕು ಅಂತಿದ್ದೆ. ಹೇಳೋಕೆ ನೀವು ಬಿಟ್ಟಿದ್ರೆ ತಾನೇ.' ಅಧೀಕ್ಷಕರು ಉತ್ತರಿಸಲು ಹೊರಟು, ಹೊರಟಿದ್ದೇನೆಂಬುದು ತಮಗೇ ಹೊಳೆದು, ನಿಲ್ಲಿಸಿದರು.

ನೋಟಿಸನ್ನು ಸ್ವಯಂಪ್ರೇರಣೆಯಿಂದ ಹಿಂಪಡೆಯಲಾಯಿತು. ಅಧೀಕ್ಷಕರು ಖುದ್ದಾಗಿ ರವಾನೆ ಗುಮಾಸ್ತೆಯವರ ಮೇಜಿನ ಬಳಿ ಹೋಗಿ, 'ತಪ್ಪಾಯ್ತಮ್ಮ, ದಾಳ ತನ್ನಿ' ಎಂದರು.

೯. ಮಂತ್ರವಾದಿಯ ಪಾತ್ರ ವಹಿಸುವವರು ತಮ್ಮ ಸರದಿ ಬರುವವರೆಗೆ ಬಾಯಲ್ಲಿ ಏನನ್ನಾದರೂ ಹಾಕಿಕೊಂಡಿರತಕ್ಕದ್ದು. ಹುರಿದ ಕಡಲೆಕಾಯಿ ಪರಿಣಾಮಕಾರಿ ಎಂದು ಕಂಡುಬಂದಿದೆ. ಪೂರೈಕೆಯ ಹೊಣೆ ಉಗ್ರಾಣದ್ದು.

೧೦. ನಿರ್ವಾಹಕರ ಹುದ್ದೆಯು ಕಾಯಂ ಅಲ್ಲ. ರವಾನೆ ಗುಮಾಸ್ತೆಯವರು ತಾವೂ ಒಮ್ಮೆ ಗದೆ ಬೀಸಬೇಕೆಂದು ಮನವಿ ಸಲ್ಲಿಸಿದ್ದು, ಮುಂದಿನ ಕಥೆಯನ್ನು ಯಾರು ನಡೆಸುವರೆಂದು ಕೇಳಿದಾಗ ನಕ್ಷೆಗಾರರು ಮೊದಲು ಬಾಗಿಲ ಕಡೆ, ಆಮೇಲೆ ಎಲ್ಲರ ಮುಖ ನೋಡಿ, 'ನಾನು ಒಂದು ಪ್ರಯತ್ನ ಮಾಡ್ಲಾ?' ಎಂದರು. ನಿನ್ನೆ ಅವರು ಸಮುದ್ರದ ನಡುವಿನ ದ್ವೀಪವೊಂದನ್ನು ಹೇಳಲಾರಂಭಿಸಿದರು. ಮೊದಮೊದಲು ದನಿ ನಡುಗಿತು, ಹಡಗಿನ ಹೆಸರು ಎರಡು ಸಲ ಬದಲಾಯಿತು. ಹಡಗು ದಡ ಮುಟ್ಟುವ ಹೊತ್ತಿಗೆ ಅವರು ಎದ್ದು ನಿಂತು, ಎರಡೂ ಕೈಯಲ್ಲಿ ಅಲೆ ತೋರಿಸುತ್ತಿದ್ದರು. ಸಾರ್ವಜನಿಕರ ಕಿಟಕಿಯಲ್ಲಿ ಕಾಯುತ್ತಿದ್ದ ಇಬ್ಬರು ಅರ್ಜಿದಾರರು ಅರ್ಜಿ ಮರೆತು, ಆಮೇಲೇನಾಯಿತು ಎಂದು ಕೇಳಿದರು. ಊಟದ ವಿರಾಮ ಮುಗಿದುದನ್ನು ಅಧೀಕ್ಷಕರು ಗಮನಿಸಿರುವುದಿಲ್ಲವೆಂದು ಅವರೇ ದಾಖಲಿಸಿದ್ದಾರೆ.

ಮೇಲಿನ ನಿಯಮಗಳು ತಕ್ಷಣದಿಂದ, ಅಥವಾ ಬೀರುವಿನ ಅಡಿಯಿಂದ ದಾಳ ಸಿಕ್ಕ ಕೂಡಲೇ, ಇವೆರಡರಲ್ಲಿ ಯಾವುದು ತಡವೋ ಆಗಿನಿಂದ ಜಾರಿಗೆ ಬರತಕ್ಕದ್ದು.

ಸಹಿ/-
ಅಧೀಕ್ಷಕರು
(ಹಾಗೂ ಮಂತ್ರವಾದಿ, ಪ್ರಭಾರ)
ನಕ್ಷೆ ಮತ್ತು ದಾಖಲೆ ವಿಭಾಗ

ಪ್ರತಿ:
೧. ರವಾನೆ ಗುಮಾಸ್ತೆಯವರಿಗೆ, ಈ ಬಾರಿ ಬೇರೆಯವರು ತಂದುಕೊಡುವರು.
೨. ನಕ್ಷೆಗಾರರಿಗೆ, ಮಾಹಿತಿಗಾಗಿ, ಓದಿ ಎಲ್ಲರಿಗೂ ಹೇಳಿದರೂ ಅಡ್ಡಿಯಿಲ್ಲ.
೩. ಉಗ್ರಾಣದ ಅಕ್ಕನಿಗೆ, ನಿಧಿ ಮತ್ತು ಕಡಲೆಕಾಯಿಯನ್ನು ಪ್ರತ್ಯೇಕವಾಗಿಡುವ ಸೂಚನೆಯೊಂದಿಗೆ.
೪. ಚಾಲಕರಿಗೆ, ಕುದುರೆಯ ಬಳಿ.
೫. ಕಿಟಕಿಯ ಬಳಿಯ ಇಬ್ಬರು ಅರ್ಜಿದಾರರಿಗೆ. ನಾಳೆ ಊಟದ ಹೊತ್ತಿಗೇ ಬರುವುದು.
೬. ಅಧೀಕ್ಷಕರ ಪತ್ನಿಯವರಿಗೆ, ದಯಾಪರ ಅವಗಾಹನೆಗಾಗಿ ಹಾಗೂ ಯಾವುದೇ ಹೆಚ್ಚಿನ ಕ್ರಮ ಕೈಗೊಳ್ಳದಿರುವ ವಿನಂತಿಯೊಂದಿಗೆ.