ಲಕ್ಷ್ಮೇಶ್ವರದಾಗ ಬಿಳಿ ವಾರ

ಗಾಡಿ ಹೊಡಿಯೋ ಮನುಷ್ಯಾಗ ಇಂಥವು ತಪ್ಪಂಗಿಲ್ಲ. ನಾವು ಮುಂದ ನೋಡಿಕೊಂಡ ಕುಂತಿದ್ರೂ ಹಿಂದಿನ ಸೀಟಿನ ಸುದ್ದಿ ನಮ್ಮ ಕೊರಳಿಗೇ ಬಂದು ಬೀಳ್ತೈತಿ. ನಾ ಮೊದಲ ಲಕ್ಷ್ಮೇಶ್ವರದ ಒಬ್ಬ ಸಾಹುಕಾರ್ರ ಹತ್ತಿ ಲಾರಿ ಹೊಡಿತಿದ್ದೆ. ಗದಗ ಜಿಲ್ಲಾ ಆತು, ಮುಂದ ಡೋಣಿ ಕಡಿ ಗುಡ್ಡದ ಮ್ಯಾಲ ಗಾಳಿಯಂತ್ರ ಬಂದ್ವು, ಆ ಕಂಪನಿ ಜೀಪಿಗೆ ಸೇರಿಕೊಂಡೆ. ಯಂತ್ರದ ಜೋಡಿ ಇಟಲಿಯಿಂದ ಒಬ್ಬ ಇಂಜಿನಿಯರ್ ಸಾಹೇಬ್ರು ಬಂದಿದ್ರು. ಅರ್ಧ ಇಂಗ್ಲಿಷು, ಕಾಲು ಹಿಂದಿ, ಉಳಿದದ್ದೆಲ್ಲಾ ಕೈಸನ್ನಿ. ಕೈ ಬೀಸಿ ಮಾತಾಡೋದ್ರಾಗ ನಮ್ಮ ಮಂದಿನೂ ಏನ ಕಮ್ಮಿ ಇಲ್ಲ, ಹಿಂಗಾಗಿ ನಮ್ಮಿಬ್ಬರದು ಜಲ್ದಿ ಕೂಡಿಬಂತು.

೧. ಯಾವ ದೇವರು?

ಚಳಿಗಾಲ ಬಂತಂದ್ರ ಸಾಹೇಬ್ರ ಮುಖ ಸಣ್ಣದಾಗ್ತಿತ್ತು. ಅವರ ದೇಶದಾಗ ಚಳಿಗಾಲದಾಗ ಒಂದು ವಾರ ಹೆಂಡತಿ ಮಕ್ಕಳನ್ನ ಕರಕೊಂಡು ಹಿಮದ ಗುಡ್ಡಕ್ಕ ಹೋಗೋದು ಪದ್ಧತಿಯಂತ. ಅದಕ್ಕ ಬಿಳಿ ವಾರ ಅಂತಾರಂತ. ಅವರಪ್ಪ ಹೋಗ್ತಿದ್ರಂತ, ಅಜ್ಜನೂ ಹೋಗ್ತಿದ್ರಂತ.

ಒಂದು ಐತವಾರ ಅವರನ್ನ ನಮ್ಮ ಹಳೇ ಸಾಹುಕಾರ್ರ ಹತ್ತಿ ಮಿಲ್ಲಿಗೆ ಚಾ ಕುಡಿಯಾಕ ಕರಕೊಂಡು ಹೋದೆ. ಬಿಳಿ ವಾರದ ಸುದ್ದಿ ಕೇಳಿ ಸಾಹುಕಾರ್ರು ಭಕ್ತಿಲೇ ಕೈ ಮುಗಿದ್ರು.

“ಮನಿತನದಾಗ ನಡಕೊಂಡು ಬಂದದ್ದು ಬಿಡಬಾರದ್ರಿ. ಗುಡ್ಡದ ಮ್ಯಾಲ ಯಾವ ದೇವರು?”

“ದೇವರಿಲ್ಲ.”

“ಮತ್ತ ಯಾರರ ಸ್ವಾಮಿಗಳು?”

“ಯಾರೂ ಇಲ್ಲ.”

“ಹಂಗಾರ ಮ್ಯಾಲ ಯಾಕ ಹೋಗ್ತೀರಿ?”

“ಕೆಳಗ ಜಾರಾಕ.”

“ಜಾರಿ?”

“ಮತ್ತ ಮ್ಯಾಲ ಹೋಗ್ತೀವಿ.”

ಸಾಹುಕಾರ್ರು ನನ್ನ ಕಡಿ ಬಗ್ಗಿ ಮೆಲ್ಲಕ, “ಲೇ, ಇವರನ್ನ ಒಬ್ಬರನ್ನೇ ಯಂತ್ರದ ಮ್ಯಾಲ ಹತ್ತಾಕ ಬಿಡಬ್ಯಾಡ” ಅಂದ್ರು.

೨. ಫೋಟೋ

ಸಾಹೇಬ್ರು ಬೆಟಗೇರಿಯೊಳಗ ಬಾಡಿಗಿ ಇದ್ರು. ಮನಿ ಮಾಲಕಿ ಅವ್ವಾರು ಭಾಳ ಅಂತಃಕರಣದವರು. ಒಂದಿನ ಸಾಹೇಬ್ರು ಅವರಿಗೆ ಫೋಟೋ ತೋರಿಸಿದ್ರು. ಎರಡೂ ಕಾಲಿಗೆ ಉದ್ದನ ಹಲಗಿ ಬಿಗಿದಾವು, ಎರಡೂ ಕೈಯಾಗ ಕೋಲು.

“ಅಯ್ಯ ಶಿವನೇ! ಕಾಲು ಮುರಕೊಂಡಾಗ ತಗಿಸಿದ್ದೇನ್ರಿ?” ಅಂದ್ರು ಅವ್ವಾರು.

“ಇಲ್ರಿ, ಇದು ಮುರಿಯೋಕಿಂತ ಮೊದಲಿಂದು” ಅಂತ ಹೇಳಿ ಸಾಹೇಬ್ರು ಮುಂದಿನ ಫೋಟೋ ತೋರಿಸಿದ್ರು.

೩. ಉದ್ದನ ಚೀಲ

ಆ ವರ್ಷ ಒಂದು ಯಂತ್ರ ಕೆಟ್ಟು ನಿಂತು ಸಾಹೇಬ್ರಿಗೆ ರಜಾ ಸಿಗಲಿಲ್ಲ. “ನೀವೇ ಬರ್ರಿ, ಇಲ್ಲೂ ಗುಡ್ಡ ಐತಿ” ಅಂತ ಹೆಂಡತಿ ಮಗಳಿಗೆ ಫೋನ್ ಮಾಡಿದ್ರು. ಇಲ್ಲಿ ಹಿಮ ಬೀಳಂಗಿಲ್ಲ ಅಂತ ಕೂಸಿಗೆ ಅವ್ವ ಹೇಳ್ಯಾಳಂತ ಅಪ್ಪ ತಿಳಕೊಂಡ, ಅಪ್ಪ ಹೇಳ್ಯಾನಂತ ಅವ್ವ ತಿಳಕೊಂಡ್ಳು. ಹುಬ್ಬಳ್ಳಿಗೆ ಕರಿಯಾಕ ಹೋದ್ರ, ಕೂಸು ತನಗಿಂತ ಉದ್ದನ ಚೀಲ ಎಳಕೊಂಡು ಬಂತು. ಒಳಗ ಜಾರೋ ಹಲಗಿ! ಬೆಟಗೇರಿಯಾಗ ಚೀಲ ಬಿಚ್ಚಿದ ಮ್ಯಾಲ ಮನಿ ಮಾಲಕಿ ಅವ್ವಾರು, “ಅಷ್ಟು ದೂರದಿಂದ ಕಟ್ಟಿಗಿ ಯಾಕ ಹೊತ್ತು ತಂದ್ರವ್ವಾ, ನಮ್ಮಲ್ಲಿ ಗ್ಯಾಸ್ ಐತಿ” ಅಂದ್ರು.

ಮರುದಿನ ಗುಡ್ಡಕ್ಕ ಹೋದ್ವಿ. ಒಣಾ ಹುಲ್ಲು, ಕೆಂಪು ಮಣ್ಣು, ತಲಿ ಸುಡೋ ಬಿಸಿಲು. ಕೂಸು ಒಂದು ಸಲ ಸುತ್ತ ನೋಡಿತು, ತಿರುಗಿ ಬಂದು ಜೀಪಿನಾಗ ಕುಂತಿತು. ಅಳಲಿಲ್ಲ, ಹಟ ಮಾಡಲಿಲ್ಲ. ಅಪ್ಪನ ಜೋಡಿ ಮಾತು ಬಿಟ್ಟುಬಿಡ್ತು, ಅಷ್ಟೇ. ಎಂಥಾ ಗಾಳಿಯೊಳಗೂ ಯಂತ್ರದ ತುದಿಗೆ ಹತ್ತೋ ಸಾಹೇಬ್ರು ನನ್ನ ಮುಂದ ಬಂದು, “ಈಗ ಏನು ಮಾಡಲಿ?” ಅಂತ ಕೇಳಿದ್ರು.

ಅವತ್ತ ಸಂಜೀಕ ಅವ್ವಾರು ಫ್ರಿಜ್ಜಿನಾಗಿನ ಐಸೆಲ್ಲಾ ಒಂದು ಪರಾತಕ್ಕ ಸುರುವಿ ತಂದು ಕೂಸಿನ ಮುಂದ ಇಟ್ರು. “ಸದ್ಯಕ್ಕ ಇದರ ಮ್ಯಾಲ ನಿಂದ್ರು ತಂಗಿ.”

೪. ರಾಶಿ

ಆಗ ನನಗ ಸಾಹುಕಾರ್ರ ಮಿಲ್ಲು ನೆನಪಾತು. ಹತ್ತಿ ಸುಗ್ಗಿ, ಅಂಗಳದಾಗ ಮನಿ ಎತ್ತರದ ಬಿಳೀ ರಾಶಿ ಬಿದ್ದಿತ್ತು. ಜೀಪು ತಗೊಂಡು ಲಕ್ಷ್ಮೇಶ್ವರಕ್ಕ ಹೋಗಿ, ರಾಶಿ ಮ್ಯಾಲ ಕೂಸಿಗೆ ಜಾರಾಕ ಬಿಡ್ರಿ ಅಂತ ಕೇಳಿದೆ.

“ರಾಶಿ ಮ್ಯಾಲ ಬೂಟಗಾಲು? ಲಕ್ಷ್ಮಿ ಅದು! ತಲಿ ನೆಟ್ಟಗೈತೇನಲೇ ನಿಂದು?”

“ಕೂಸು ಅಪ್ಪನ ಜೋಡಿ ಮಾತು ಬಿಟ್ಟೈತ್ರಿ.”

ಸಾಹುಕಾರ್ರೂ ಹೆಣ್ಣಮಕ್ಕಳ ತಂದಿ. “ಹಂಗಾರ ಮೊದಲ ಆ ಸಾಮಾನಿಗೆ ಪೂಜಾ ಆಗಬೇಕು” ಅಂದ್ರು.

ಮರುದಿನ ಬೂಟು ತೊಳೆದು, ಹಲಗಿಗೆ ಕುಂಕುಮ ಹಚ್ಚಿ, ಹೂವು ಏರಿಸಿ, ಟೆಂಗಿನಕಾಯಿ ಒಡೆದ್ವಿ. ನಮ್ಮೂರಾಗ ಹಿಂಗ ಯಾಕ ಮಾಡಂಗಿಲ್ಲ ಅಂತ ಕೂಸು ಅವ್ವನ್ನ ಕೇಳಿತಂತ. “ಅದಕ್ಕ ಅಲ್ಲಿ ಕಾಲು ಮುರೀತಾವು” ಅಂದೆ ನಾ.

ಕೂಸನ್ನ ಎತ್ತಿ ರಾಶಿ ತುದಿಗೆ ಇಳಿಸಿದ್ವಿ. ಹಮಾಲರೆಲ್ಲಾ ಕೆಲಸ ಬಿಟ್ಟು ನೋಡಿಕೊಂತ ನಿಂತ್ರು. ಕೂಸು ಕೋಲು ಊರಿತು. ಸರ್ರ್ ಅಂತ ಜಾರೋದೆಲ್ಲಿಂದ ಬಂತು? ಮೊಣಕಾಲ ತನಕ ಹತ್ತಿಯೊಳಗ ಹುಗಿದು ಹಂಗ ನಿಂತುಬಿಡ್ತು. ಹತ್ತಿ ಜಾರಂಗಿಲ್ಲ ಅನ್ನೋದು ಹತ್ತಿಯೊಳಗ ಹುಟ್ಟಿ ಬೆಳೆದ ನಮಗೊಬ್ಬರಿಗೂ ಹೊಳೆದಿರಲಿಲ್ಲ. ಕೂಸಿನ ತುಟಿ ನಡುಗಿದ್ವು.

“ನಮ್ಮ ಅಂಗಳಕ್ಕ ಬಂದ ಕೂಸು ಹಿಂಗ ಹೋಗೋದೇನ್ರಲೇ? ತಾಡಪತ್ರಿ ತರ್ರಿ!” ಅಂತ ಸಾಹುಕಾರ್ರು ಒದರಿದ್ರು.

ರಾಶಿ ಮುಚ್ಚೋ ದೊಡ್ಡ ತಾಡಪತ್ರಿ ತಂದು ತುದಿಯಿಂದ ಬುಡದ ತನಕ ಹಾಸಿದ್ವಿ. ಕೆಳಗ ಬಿದ್ದವರಿಗೆ ಮೆತ್ತಗಾಗಲಿ ಅಂತ ಬುಡಕ್ಕೂ ಹತ್ತಿ ಸುರುವಿದ್ವಿ. ಹಲಗಿ ಬಿಚ್ಚಿ ಕೂಸನ್ನ ಕೂಡಿಸಿದ್ರ ಒಲ್ಲೆ ಅಂತ ತಲಿ ಅಲ್ಲಾಡಿಸಿತು. ಅಪ್ಪ ತಾನೇ ಜಾರಿ ತೋರಿಸಿದ್ರು. ಕೂಸು ಮುಖ ಆ ಕಡಿ ತಿರುಗಿಸಿತು.

“ಹೆದರಬ್ಯಾಡ ತಂಗಿ, ಇಲ್ಲಿ ನೋಡು” ಅಂತ ಸಾಹುಕಾರ್ರು ನಿಚ್ಚಣಕಿ ಹಿಡಕೊಂಡು ತುದಿಗೆ ಹತ್ತಿದ್ರು. ಧೋತರ ಎತ್ತಿ ಕಟ್ಟಿ, ಹೆಂಗ ಕುಂಡ್ರಬೇಕಂತ ತೋರಿಸೋದ್ರಾಗ ಕಾಲು ಜಾರಿತು. ಆ ದೊಡ್ಡ ಮೈ ಸುಂಯ್ ಅಂತ ಬಂದು ಬುಡದ ಹತ್ತಿಯೊಳಗ ಮುಳುಗಿತು. ಹೊರಗ ಬರೇ ಎರಡು ಪಾದ ಕಾಣ್ತಿದ್ವು.

ಅಷ್ಟರಾಗ ಮ್ಯಾಲಿಂದ ಕೂಸು ಹೊಟ್ಟಿ ಹಿಡಕೊಂಡು ನಗಾಕ ಹತ್ತಿತು. “ಪಪಾ! ಪಪಾ!” ಅಂತ ಅಪ್ಪನ್ನ ಕರೀತು. ಸಾಹೇಬ್ರು ನಿಚ್ಚಣಕಿ ಹೆಂಗ ಹತ್ತಿದ್ರೋ ಏನೋ. ಮಗಳನ್ನ ತೊಡಿ ಮ್ಯಾಲ ಕೂಡಿಸಿಕೊಂಡು ಕಣ್ಣಾಗ ನೀರು ತಂದುಕೊಂಡು ಜಾರಿದ್ರು. ನನಗೂ ಭಾಳ ಸಂತೋಷ ಆತು.

ಅತ್ತ ಸಾಹುಕಾರ್ರು ಎದ್ದು ಬಂದ್ರು. ಮೀಸಿ ತುಂಬ ಹತ್ತಿ. ನೆಟ್ಟಗ ನಿಚ್ಚಣಕಿ ಕಡಿ ನಡೆದ್ರು. ನಾ ಗಾಬರಿ ಆಗಿ ಅಡ್ಡ ನಿಂತೆ.

“ಪೆಟ್ಟಾಗಿಲ್ಲಲ್ರಿ ಸಾಹುಕಾರ್ರ? ಕುಂಡ್ರಿ, ಮತ್ತ ಮ್ಯಾಲ ಯಾಕ ಹೊಂಟ್ರಿ? ಅಲ್ಲೇನು ದೇವರದಾನೇನು?”

“ಕೆಳಗ ಜಾರಾಕಲೇ, ಹುಚ್ಚಾ! ದಾರಿ ಬಿಡು.”